ಪದ್ಮಿನಿಯ ಪಾಠಾಂತರಗಳು

ಹಳೆಯ ಕಾರುಗಳನ್ನು ಮನೆಯಲ್ಲೇ ಬಿಚ್ಚಿ ಜೋಡಿಸುವ ಹವ್ಯಾಸಿಗಳ ಬಾಯಲ್ಲಿ ಒಂದು ಮಾತು ಮಂತ್ರದಂತೆ ಕೇಳಿಬರುತ್ತದೆ: ‘ಫ್ಯಾಕ್ಟರಿ ಒರಿಜಿನಲ್’. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಆಗಬೇಕು; ಬಣ್ಣ, ಸೀಟಿನ ಹೊದಿಕೆ, ತಿರುಪಿನ ತಲೆಯ ಆಕಾರ, ಎಲ್ಲವೂ. ಇಂಗ್ಲೆಂಡಿನ ಎಂ.ಜಿ. ಸ್ಪೋರ್ಟ್ಸ್ ಕಾರನ್ನು ಪುನರುದ್ಧರಿಸುವವರಿಗೆ ಇದು ಸಲ್ಲುವ ವ್ರತ. ಅವರಿಗೆ ತಯಾರಕರ ದಾಖಲೆಗಳಿವೆ, ಬಿಡಿಭಾಗಗಳನ್ನು ಹೊಸದಾಗಿ ಮಾಡಿ ಮಾರುವವರಿದ್ದಾರೆ. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣಗಳ ಸೊಸೈಟಿಗಳ ಪಾರ್ಕಿಂಗಿನಲ್ಲಿ ಟಾರ್ಪಾಲು ಹೊದ್ದು ನಿಂತಿರುವ ಪ್ರೀಮಿಯರ್ ಪದ್ಮಿನಿಗೂ ಇದೇ ವ್ರತವನ್ನು ಹೊರಿಸುವುದು ತಪ್ಪು ಎಂದು ನನಗೆ ತೋರುತ್ತದೆ.

ಏಕೆಂದರೆ ಪದ್ಮಿನಿಗೆ ಒಂದೇ ಒಂದು ಮೂಲವಿಲ್ಲ. 1953ರಲ್ಲಿ ಇಟಲಿಯಲ್ಲಿ ಹೊಸ ಮೈಪಡೆದ ಫಿಯೆಟ್ 1100, 1962ರಲ್ಲಿ ‘1100 ಡಿ’ ಆಯಿತು. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ಕುರ್ಲಾದ ಕಾರ್ಖಾನೆಯಲ್ಲಿ ಅದನ್ನು ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಅದು ಮೊದಲು ‘ಪ್ರೆಸಿಡೆಂಟ್’, 1974ರಿಂದ ‘ಪದ್ಮಿನಿ’. 1089 ಸಿಸಿಯ ಎಂಜಿನ್ ಮಾತ್ರ ಹಿಡಿದ ಜಾಗ ಬಿಡಲಿಲ್ಲ. ಉಳಿದುದೆಲ್ಲ ಸಣ್ಣಸಣ್ಣದಾಗಿ ಬದಲಾಗುತ್ತ ಹೋಯಿತು. ಸ್ಟಿಯರಿಂಗ್ ಕಂಬಕ್ಕೆ ಅಂಟಿದ್ದ ಗೇರ್ ಹಿಡಿಕೆ ಕೊನೆಗಾಲದ ಮಾದರಿಯೊಂದರಲ್ಲಿ ನೆಲಕ್ಕಿಳಿಯಿತು, ಡೀಸೆಲ್ ಪದ್ಮಿನಿಯೂ ಬಂತು. ಇಟಲಿ ಮರೆತ ಕಾರನ್ನು ಮುಂಬಯಿ ಮೂರು ದಶಕಕ್ಕೂ ಹೆಚ್ಚು ಕಾಲ ತಿದ್ದುತ್ತಲೇ ಇತ್ತು. ಇದರಲ್ಲಿ ಯಾವ ದಿನದ ಕಾರನ್ನು ಮೂಲವೆನ್ನೋಣ?

ಈ ಪ್ರಶ್ನೆ ಕನ್ನಡ ಓದುಗರಿಗೆ ಹೊಸತಲ್ಲ. ಹಳಗನ್ನಡ ಕಾವ್ಯಗಳ ಸಂಪಾದಕರು ಬಹುಕಾಲ ಹೆಣಗಿದ್ದು ಇದರೊಡನೆಯೇ. ಕವಿಯ ಸ್ವಹಸ್ತದ ಪ್ರತಿ ಸಿಗುವುದಿಲ್ಲ. ಸಿಗುವುದು ಲಿಪಿಕಾರರ ಪ್ರತಿಗಳು. ಒಬ್ಬ ತಪ್ಪಿ ಬರೆದಿರುತ್ತಾನೆ, ಇನ್ನೊಬ್ಬ ಗೆದ್ದಲು ತಿಂದ ಜಾಗವನ್ನು ಊಹಿಸಿ ತುಂಬಿರುತ್ತಾನೆ. ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥ ಸಂಪಾದನೆ’ ಎಂಬ ಗ್ರಂಥವನ್ನೇ ಬರೆಯಬೇಕಾದಷ್ಟು ಈ ಕೆಲಸ ತೊಡಕಿನದು. ಒಳ್ಳೆಯ ಸಂಪಾದಕ ಒಂದು ಪಾಠವನ್ನು ಆರಿಸಿ ಮೇಲಿಡುತ್ತಾನೆ, ಉಳಿದವನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಬಿಟ್ಟದ್ದನ್ನು ಸುಟ್ಟುಹಾಕುವುದಿಲ್ಲ. ನಮ್ಮ ಕಾರುಪ್ರೇಮಿಗಳು ಮೊದಲರ್ಧವನ್ನು ಮಾತ್ರ ಮಾಡುತ್ತಾರೆ; ಕಳಚಿದ ಭಾಗಗಳು ಗುಜರಿಗೆ ಹೋಗುತ್ತವೆ.

ಪದ್ಮಿನಿಯ ಲಿಪಿಕಾರರು ಯಾರೆಂದು ತಿಳಿಯಲು ವಾಗ್ಳೆ ಎಸ್ಟೇಟಿನ ಒಳರಸ್ತೆಗಳಲ್ಲಿ ನಡೆಯಬೇಕು. ಪಾಸ್‌ಪೋರ್ಟ್ ಕಚೇರಿಗೆಂದು ಅಲ್ಲಿಗೆ ಹೋದ ನಮ್ಮವರು ಕಾಣುವುದು ಗಾಜಿನ ಐ.ಟಿ. ಪಾರ್ಕುಗಳನ್ನು. ಅರುವತ್ತರ ದಶಕದಲ್ಲಿ ಮಹಾರಾಷ್ಟ್ರದ ಎಂ.ಐ.ಡಿ.ಸಿ.ಯ ಮೊದಲ ವಸಾಹತುಗಳಲ್ಲಿ ಒಂದಾಗಿ ಇದು ಎದ್ದಾಗ ಇಲ್ಲಿದ್ದುದು ಸಣ್ಣ ಯಂತ್ರಶಾಲೆಗಳು. ಲೇತ್, ಗ್ರೈಂಡಿಂಗ್, ಪ್ಲೇಟಿಂಗ್, ಎರಕ. ಇಂಥ ಕೆಲಸಗಾರರೇ ಹಳೆಯ ಕಾರುಗಳನ್ನು ಓಡಿಸಿದವರು. ಕಿಂಗ್‌ಪಿನ್ನಿನ ಬುಷ್ ಸವೆದರೆ ಹಿತ್ತಾಳೆ ತಿರುವಿ ಹೊಸದು ಮಾಡಿಕೊಟ್ಟರು. ಸಿಲಿಂಡರ್ ಸವೆದರೆ ಬೋರ್ ಮಾಡಿ ಸ್ಲೀವ್ ಕೂರಿಸಿದರು. ಬಂಪರಿನ ಕ್ರೋಮ್ ಎದ್ದುಬಂದರೆ ಉಜ್ಜಿ, ನಿಕ್ಕಲ್ ಕೊಟ್ಟು, ಮತ್ತೆ ಹೊಳಪೇರಿಸಿದರು. ಈಗ ಹವ್ಯಾಸಿ ಬರುತ್ತಾನೆ, ಆ ಹಿತ್ತಾಳೆ ಬುಷ್‌ನ್ನು ‘ಲೋಕಲ್’ ಎಂದು ಕಿತ್ತೆಸೆದು ಕಂಪನಿಯ ಮುದ್ರೆಯ ಡಬ್ಬಿಗಾಗಿ ದೇಶವೆಲ್ಲ ಹುಡುಕುತ್ತಾನೆ. ಸರಿಯಾದ ಅಳತೆಯ, ಇಪ್ಪತ್ತು ವರ್ಷ ಭಾರ ಹೊತ್ತ ಬುಷ್ ಅದು. ‘ಲೋಕಲ್’ ಎಂಬುದನ್ನು ಬೈಗುಳ ಮಾಡಿಕೊಂಡದ್ದು ನಮ್ಮ ದೊಡ್ಡ ದಡ್ಡತನ.

ಸರಕಾರದ ನಿಯಮವೂ ಇದೇ ಗೊಂದಲವನ್ನು ಕಾನೂನಿನ ಭಾಷೆಯಲ್ಲಿ ಹೇಳುತ್ತದೆ. 2021ರ ಕೇಂದ್ರ ನಿಯಮಗಳಂತೆ, ಮೊದಲ ನೋಂದಣಿಗೆ 50 ವರ್ಷ ಮೀರಿದ, ಮೂಲರೂಪದಲ್ಲೇ ಇರುವ ವಾಹನ ‘ವಿಂಟೇಜ್’ ಎನಿಸಿಕೊಳ್ಳಬಹುದು. 20,000 ರೂಪಾಯಿ ಶುಲ್ಕ, ಫಲಕದಲ್ಲಿ ‘ವಿಎ’ ಅಕ್ಷರಗಳು, ಹತ್ತು ವರ್ಷದ ಮಾನ್ಯತೆ. ಚಾಸಿಸ್, ಮೈಕವಚ, ಎಂಜಿನ್‌ಗಳಲ್ಲಿ ಮಾರ್ಪಾಡು ಆಗಿರಬಾರದು. ಆದರೆ ಪದ್ಮಿನಿಗೆ ಪ್ರತ್ಯೇಕ ಚಾಸಿಸ್ಸೇ ಇಲ್ಲ. ಮೈಯೇ ಅದರ ಎಲುಬು. ಕೊಂಕಣದ ಮಳೆ ಮೊದಲು ತಿನ್ನುವುದು ಅದರ ನೆಲವನ್ನು, ಬಾಗಿಲ ಕೆಳಗಿನ ಅಂಚನ್ನು. ತುಕ್ಕು ಕತ್ತರಿಸಿ ಹೊಸ ತಗಡು ಬೆಸೆಯದೆ ಯಾವ ಪದ್ಮಿನಿಯೂ ಇಲ್ಲಿ ಬದುಕಿ ಉಳಿದಿಲ್ಲ. ಅದು ದುರಸ್ತಿಯೋ ಮಾರ್ಪಾಡೋ? ಉತ್ತರ ತಪಾಸಣೆಗೆ ಬಂದ ಅಧಿಕಾರಿಯ ವಿವೇಕಕ್ಕೆ ಬಿಟ್ಟದ್ದು. ಎಂಬತ್ತು, ತೊಂಬತ್ತರ ದಶಕಗಳ ಪದ್ಮಿನಿಗಳಿಗಂತೂ 50 ತುಂಬಲು ಇನ್ನೂ ಕಾಲವಿದೆ. ಅಲ್ಲಿಯವರೆಗೆ ಅವು ಪುರಾತನ ವಸ್ತುವೂ ಅಲ್ಲ, ಹೊಸ ವಾಹನವೂ ಅಲ್ಲ. ಹದಿನೈದು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿಸಿದವರು ಗುಜರಿಯನ್ನು ನೆನೆದಿದ್ದರೇ ಹೊರತು ನೆನಪನ್ನಲ್ಲ.

ಮುಂಬಯಿಯ ಕಾಲಿ-ಪೀಲಿಗಳ ಗತಿ ಇನ್ನೂ ಬೋಧಪ್ರದ. ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ; 2023ರ ಅಕ್ಟೋಬರ್ ಕೊನೆಗೆ ಅವು ಬೀದಿಯಿಂದ ಮರೆಯಾದವು. ಡಿಕ್ಕಿಯಲ್ಲಿ ಸಿ.ಎನ್.ಜಿ. ಸಿಲಿಂಡರ್, ಮಾಡಿನ ಮೇಲೆ ಕ್ಯಾರಿಯರ್, ಹೊರಗೆ ಮೀಟರ್: ಇವು ಯಾವುದೂ ಫಿಯೆಟ್‌ನ ನಕ್ಷೆಯಲ್ಲಿ ಇರಲಿಲ್ಲ. ದಾದರ್ ನಿಲ್ದಾಣದಲ್ಲಿ ಇಳಿದು, ಊರಿನಿಂದ ತಂದ ಅಕ್ಕಿಮೂಟೆಯನ್ನು ಆ ಕ್ಯಾರಿಯರಿಗೆ ಕಟ್ಟಿಸಿದ ತಲೆಮಾರಿಗೆ ಅದಿಲ್ಲದ ಕಾರೇ ವಿಕಾರ. ಹಳೆಯ ಟ್ಯಾಕ್ಸಿಯನ್ನು ಕೊಂಡು, ಹಳದಿ ಕೆರೆದು, ಹಾಲುಬಿಳುಪು ಬಳಿದು ‘ಒರಿಜಿನಲ್’ ಎಂದು ತೋರಿಸಿದರೆ ನನಗೆ ಅದು ಪುನರುದ್ಧಾರ ಎನಿಸುವುದಿಲ್ಲ. ಅದು ಜಾತಿ ಬದಲಿಸಿದಂತೆ.

ನಿಜವಾದ ಸ್ಪೋರ್ಟ್ಸ್ ಕಾರಿನ ಮಾತೇನು ಎಂದು ಕೇಳಬಹುದು. ಅಲ್ಲಿಯೂ ಕಥೆ ಬೇರೆಯಲ್ಲ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ತಂದ ಡಾಲ್ಫಿನ್, ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನ ಕೂಸು: ಫೈಬರ್ ಗ್ಲಾಸ್ ಮೈ, 848 ಸಿಸಿ ಎಂಜಿನ್. ಸಂಸಾರಸ್ಥರು ಅದನ್ನು ಒಪ್ಪಲಿಲ್ಲ, ರ‍್ಯಾಲಿಯವರು ಅದರ ಹಗುರಕ್ಕೆ ಮರುಳಾದರು. ರ‍್ಯಾಲಿಗೆಂದು ತಿದ್ದಿದ ಡಾಲ್ಫಿನ್ ಒಂದು ಸಿಕ್ಕರೆ ಅದನ್ನು ಶೋರೂಮಿನ ಬಡಪಾಯಿಯಾಗಿ ಮರಳಿಸುವುದರಲ್ಲಿ ಏನು ಪುರುಷಾರ್ಥ? ಅದು ಬದುಕಿದ್ದೇ ಆ ತಿದ್ದುಪಡಿಗಳಲ್ಲಿ.

ಮೂಲವಾದಿಗಳ ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ. ಹಿಂದಿರುಗಿಸಲಾಗದ ಕೆಲಸ ಮಾಡಬಾರದು. ಸ್ಪೀಕರಿಗಾಗಿ ಬಾಗಿಲು ಕೊರೆಯುವುದು, ಎ.ಸಿ.ಗಾಗಿ ಡ್ಯಾಶ್‌ಬೋರ್ಡ್ ಕತ್ತರಿಸುವುದು, ಅಗಲ ಚಕ್ರಕ್ಕಾಗಿ ಮಡ್‌ಗಾರ್ಡಿನ ಅಂಚು ಬಡಿಯುವುದು, ಇವು ಪಾಠಾಂತರಗಳಲ್ಲ, ಓಲೆ ಹರಿಯುವ ಕೆಲಸ. ಸೀಟ್‌ಬೆಲ್ಟ್ ಹಾಕಿಸಿದವರನ್ನು ಮಾತ್ರ ದಯವಿಟ್ಟು ಬಿಡಿ. ಮೂಲನಿಷ್ಠೆಗಾಗಿ ಎದೆಯೆಲುಬು ಮುರಿದುಕೊಳ್ಳಬೇಕಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕಾರಿನ ಬದುಕಿನ ಯಾವುದಾದರೂ ಒಂದು ವರ್ಷವನ್ನು ಆರಿಸಿಕೊಂಡು, ಅದನ್ನು ಬಾಯಿಬಿಟ್ಟು ಹೇಳಿ, ಅಲ್ಲಿಗೆ ಮರಳಿಸಿ. ಕಳಚಿದ್ದನ್ನು ಒಂದು ಪೆಟ್ಟಿಗೆಯಲ್ಲಿಡಿ. ಪಕ್ಕದಲ್ಲಿ ಒಂದು ನೋಟುಪುಸ್ತಕವಿರಲಿ: ಯಾವ ಭಾಗ, ಯಾವಾಗ, ಏಕೆ ಬದಲಾಯಿತು, ಯಾರು ಮಾಡಿಕೊಟ್ಟರು. ಈ ಕೊನೆಯ ಕಲಮಿಗೆ ಅವಸರವಿದೆ. ವಾಗ್ಳೆ ಎಸ್ಟೇಟಿನಲ್ಲಿ ಲೇತಿನ ಶೆಡ್ಡುಗಳು ಒಂದೊಂದಾಗಿ ಜಾಗ ಬಿಟ್ಟುಕೊಡುತ್ತಿವೆ. ನಕ್ಷೆಯಿಲ್ಲದೆ ಬರಿಯ ಹಳೆಯ ತುಂಡನ್ನು ಕೈಯಲ್ಲಿ ಹಿಡಿದು ಅಳತೆ ತೆಗೆಯಬಲ್ಲ ಟರ್ನರುಗಳಿಗೆ ವಯಸ್ಸಾಗಿದೆ. ಅವರು ಬಿಲ್ಲು ಬರೆಯುವ ಅಭ್ಯಾಸದವರಲ್ಲ. ಬುಷ್ ಮಾಡಿಸಿಕೊಂಡು ಬರುವಾಗ ಅವರ ಹೆಸರನ್ನು ಕೇಳಿ, ಅಲ್ಲೇ ನಿಂತು ಬರೆದುಕೊಳ್ಳಿ.