ಡ್ಯಾಂಪರ್ ಹಾಕ್ಸಿದ್ರೆ ಕಾಯಿಲೆ ಹೋಗಲ್ಲ

ತೋಟದ ಜೀಪಿನ ಸ್ಟೇರಿಂಗ್ ಅದುರಿದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ಡ್ಯಾಂಪರ್ ಹಾಕ್ಸಿ. ನಾನೂ ಹಾಕ್ಸಿದೆ. ಎರಡು ತಿಂಗಳು ಸುಮ್ಮನಿತ್ತು. ಆಮೇಲೊಂದು ದಿನ ಆಳುಗಳನ್ನು ಕೂರಿಸಿಕೊಂಡು ಇಳಿಜಾರಲ್ಲಿ ಬರುವಾಗ ಗುಂಡಿಗೆ ಬಿದ್ದದ್ದೇ ತಡ, ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳೋ ಹಾಗೆ ಹೊಡೆದಾಡಿತು. ಬಿಚ್ಚಿ ನೋಡಿದರೆ ಕಿಂಗ್ ಪಿನ್ ಬೇರಿಂಗ್ ಪೂರ್ತಿ ಸವೆದಿತ್ತು. ಡ್ಯಾಂಪರ್ ಅದನ್ನು ಮುಚ್ಚಿಟ್ಟಿತ್ತು, ಅಷ್ಟೇ.

ಮೊದಲು ರಿಮ್ಮಿನೊಳಗೆ ಒಣಗಿದ ಕೆಸರು ಕೆರೆದು ತೆಗೀರಿ. ನಗಬೇಡಿ, ಚಕ್ರದ ಬ್ಯಾಲೆನ್ಸ್ ಕೆಡಿಸೋಕೆ ಅಷ್ಟೇ ಸಾಕು. ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ. ಆಗ ನಿಂತರೆ ಹಬ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. ಅಡ್ಡಕ್ಕೆ ಮಾತ್ರ ಅಲ್ಲಾಡಿದರೆ ಟೈ ರಾಡ್ ಎಂಡ್ ನೋಡಿ. ಇಷ್ಟೆಲ್ಲ ಸರಿ ಮಾಡಿದ ಮೇಲೆ ಡ್ಯಾಂಪರ್ ಹಾಕ್ಸಿಕೊಳ್ಳಿ, ನನ್ನ ತಕರಾರಿಲ್ಲ.