ಕ್ಲೋಸ್ ಮಾಡೋದು ಸಾಕು, ಇಸಿ ಓದೋದು ಕಲಿಸಿ

ಬೆಂಗಳೂರಿನಲ್ಲಿ ರಿಯಲ್ ಎಸ್ಟೇಟ್ ಕೆಲಸಕ್ಕೆ ಸೇರಿದ ಇಪ್ಪತ್ಮೂರು ವರ್ಷದ ಹುಡುಗನಿಗೆ ಮೊದಲ ವಾರ ಏನು ಕಲಿಸ್ತಾರೆ ಗೊತ್ತಾ? ಗಿರಾಕಿ 'ಯೋಚನೆ ಮಾಡಿ ಹೇಳ್ತೀನಿ' ಅಂದರೆ ತಿರುಗಿ ಏನು ಹೇಳಬೇಕು. 'ಇನ್ನೆರಡೇ ಫ್ಲಾಟ್ ಉಳಿದಿದೆ ಸಾರ್' ಅನ್ನೋದನ್ನ ಯಾವ ದನಿಯಲ್ಲಿ ಹೇಳಬೇಕು. ಗಂಡ ಹೆಂಡತಿ ಇಬ್ಬರೂ ಬಂದರೆ ಯಾರನ್ನು ಮೊದಲು ಒಪ್ಪಿಸಬೇಕು. ಇದು ಮುಗಿದ ಮೇಲೆ ವೀಕೆಂಡ್ ಕಾರ್ಯಾಗಾರ. ನೀನೇ ಒಂದು ಬ್ರ್ಯಾಂಡು, ದಿನಕ್ಕೊಂದು ರೀಲ್ಸ್ ಹಾಕು, ಬೆಳಗ್ಗೆ ಐದಕ್ಕೆ ಏಳು, ಇಲ್ಲ ಅನ್ನೋ ಪದ ಮರೆತುಬಿಡು. ಇಷ್ಟಕ್ಕೆಲ್ಲ ಸೇರಿ 'ಕರಿಯರ್ ಗ್ರೋತ್' ಅಂತ ಹೆಸರು.

ಇದೇ ಹುಡುಗನ ಕೈಗೆ ಒಂದು ಇಸಿ ಕೊಟ್ಟು, ಫಾರಂ 15ಕ್ಕೂ ಫಾರಂ 16ಕ್ಕೂ ಏನು ವ್ಯತ್ಯಾಸ ಅಂತ ಕೇಳಿ. ಹತ್ತರಲ್ಲಿ ಒಂಬತ್ತು ಜನ ನಿಮ್ಮ ಮುಖ ನೋಡ್ತಾರೆ. ಮೊದಲನೆಯದರಲ್ಲಿ ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ ಇರುತ್ತೆ, ಎರಡನೆಯದು 'ಈ ಅವಧಿಯಲ್ಲಿ ಏನೂ ಇಲ್ಲ' ಅನ್ನುತ್ತೆ. ಐದು ನಿಮಿಷದ ಪಾಠ. ಯಾರೂ ಹೇಳಿಕೊಟ್ಟಿಲ್ಲ, ಯಾಕೆಂದರೆ ಇಸಿ ಓದೋಕೆ ಬರುವ ಹುಡುಗ ಪ್ರಶ್ನೆ ಕೇಳ್ತಾನೆ, ಪ್ರಶ್ನೆ ಕೇಳುವವನು ತಿಂಗಳ ಟಾರ್ಗೆಟ್ ಮುಟ್ಟಲ್ಲ ಅನ್ನೋ ಭಯ ಮೇಲಿನವರಿಗೆ.

ನನ್ನ ವಾದ ಇಷ್ಟೇ. ಒಂದು ಕಂಪನಿ ಬಿಟ್ಟು ಹೊರಗೆ ಬರುವಾಗ ಜೊತೆಗೆ ತಗೊಂಡು ಬರಬಹುದಾದ್ದು ಮಾತ್ರ ಬೆಳವಣಿಗೆ. ಉಳಿದದ್ದೆಲ್ಲ ಬೇರೆಯವರ ವ್ಯಾಪಾರ.

ಈ ಕೆಲಸಕ್ಕೆ ಬರೋರನ್ನ ನೋಡಿ. ಹಾಸನ, ಮಂಡ್ಯ, ರಾಯಚೂರು, ಕಲಬುರಗಿಯಿಂದ ಬಿಕಾಂ, ಬಿಬಿಎ ಮುಗಿಸಿ ಬಂದು ಪಿಜಿಯಲ್ಲಿ ಇರೋರು. ಸಂಬಳ ಕಮ್ಮಿ, ಇನ್ಸೆಂಟಿವ್ ಜಾಸ್ತಿ ಅಂತ ಆಸೆ ತೋರಿಸಿರ್ತಾರೆ. ವಾರವಿಡೀ ಕಂಪನಿ ಕೊಟ್ಟ ಲೀಡುಗಳಿಗೆ ಫೋನು, ಶನಿವಾರ ಭಾನುವಾರ ಸರ್ಜಾಪುರದಿಂದ ದೇವನಹಳ್ಳಿವರೆಗೆ ಸೈಟ್ ವಿಸಿಟ್. ವರ್ಷವಾದ ಮೇಲೆ ಕೆಲಸ ಬಿಟ್ಟರೆ ಕೈಯಲ್ಲಿ ಏನು ಉಳೀತು? ಗಿರಾಕಿಗಳ ನಂಬರು ಕಂಪನಿಯ ಸಾಫ್ಟ್‌ವೇರ್‌ನಲ್ಲಿ. ಸಿಮ್ಮು ಕಂಪನಿಯದ್ದು. ಬಾಯಿಪಾಠ ಮಾಡಿದ ಮಾತುಗಳು ಆ ಒಂದು ಪ್ರಾಜೆಕ್ಟಿನವು. ಎರಡು ವರ್ಷ ಅನುಭವ ಅಂತ ರೆಸ್ಯೂಮೆಯಲ್ಲಿ ಬರ್ಕೋಬಹುದು, ಆದರೆ ಅದು ಎರಡು ತಿಂಗಳ ಅನುಭವವನ್ನ ಹನ್ನೆರಡು ಸಲ ಮಾಡಿದ್ದು.

ದುಡ್ಡಿನ ಲೆಕ್ಕವನ್ನೂ ನೋಡೋಣ. ಹೊಸ ಪ್ರಾಜೆಕ್ಟಿನಲ್ಲಿ 80 ಲಕ್ಷದ ಒಂದು ಫ್ಲಾಟು. ಕಮಿಷನ್ ಶೇ 2 ಅಂತ ಇಟ್ಕೊಳ್ಳಿ, 1 ಲಕ್ಷ 60 ಸಾವಿರ. ಇದು ಬಿಲ್ಡರ್‌ನಿಂದ ಕಂಪನಿಗೆ ಬರೋದು, ಅದೂ ಸಾಮಾನ್ಯವಾಗಿ ಬುಕ್ಕಿಂಗ್ ದಿನ ಅಲ್ಲ, ಗಿರಾಕಿಯ ಅಗ್ರಿಮೆಂಟ್ ಆಗಿ ಇಷ್ಟು ಪಾಲು ದುಡ್ಡು ಬಂದ ಮೇಲೆ. ಅದರಲ್ಲಿ ಹುಡುಗನ ಪಾಲು ಒಂದು ಚೂರು. ಅಷ್ಟರೊಳಗೆ ಅವನು ಕೆಲಸ ಬಿಟ್ಟಿದ್ದರೆ ಆ ಚೂರಿಗೂ ಕೈ ತೊಳ್ಕೋಬೇಕು. ಸೇರುವಾಗ 'ಇನ್ಸೆಂಟಿವ್ ಯಾವಾಗ ಕೊಡ್ತೀರಿ, ನಾನು ಬಿಟ್ಟ ಮೇಲೂ ಕೊಡ್ತೀರಾ, ಬರೆದು ಕೊಡಿ' ಅಂತ ಕೇಳೋದನ್ನ ಯಾವ ಮೋಟಿವೇಷನ್ ಗುರುವೂ ಹೇಳಿಕೊಡಲ್ಲ.

ಇನ್ನು ಕಾನೂನು. 2016ರ ರೇರಾ ಕಾಯ್ದೆ ಬಿಲ್ಡರ್‌ಗಳನ್ನ ಮಾತ್ರ ಹಿಡಿಯೋದಕ್ಕೆ ಬಂದದ್ದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ ಸ್ವಾಮಿ, ಅದರಲ್ಲಿ ಏಜೆಂಟ್‌ಗೂ ಜಾಗ ಇದೆ. ಸೆಕ್ಷನ್ 9ರ ಪ್ರಕಾರ ಏಜೆಂಟ್ ನೋಂದಣಿ ಮಾಡಿಸದೆ ರೇರಾ ಪ್ರಾಜೆಕ್ಟಿನಲ್ಲಿ ಮಾರಾಟ ಮಾಡಿಸುವಂತಿಲ್ಲ. ಸೆಕ್ಷನ್ 10 ಇನ್ನೂ ಮುಂದೆ ಹೋಗುತ್ತೆ: ನೋಂದಣಿ ಆಗಬೇಕಾಗಿದ್ದೂ ಆಗದ ಪ್ರಾಜೆಕ್ಟನ್ನ ಮಾರಿಸಬಾರದು, ಲೆಕ್ಕಪತ್ರ ಇಡಬೇಕು, ಇಲ್ಲದ ಸೌಲಭ್ಯ ಇದೆ ಅಂತ ಸುಳ್ಳು ಹೇಳಬಾರದು. ಮೀರಿದರೆ ಸೆಕ್ಷನ್ 62ರಲ್ಲಿ ದಿನಕ್ಕೆ 10,000 ರೂಪಾಯಿ ದಂಡ, ಒಟ್ಟು ಆ ಆಸ್ತಿಯ ಬೆಲೆಯ ಶೇ 5ರವರೆಗೆ. 80 ಲಕ್ಷದ ಫ್ಲಾಟಿಗೆ ಲೆಕ್ಕ ಹಾಕಿ: ಕಮಿಷನ್ 1.6 ಲಕ್ಷ, ದಂಡ 4 ಲಕ್ಷದವರೆಗೆ. ಕಂಪನಿಯ ನೋಂದಣಿಯ ನೆರಳಲ್ಲಿ ಇರುವಷ್ಟು ದಿನ ಇದು ದೂರದ ಮಾತು. ಸ್ವಂತಕ್ಕೆ ಇಳಿದ ದಿನ ಇದು ನಿಮ್ಮ ಹೆಸರಿನ ಮೇಲೆ ಬರುತ್ತೆ. 'ಮೆಟ್ರೋ ಪಕ್ಕದಲ್ಲೇ ಬರುತ್ತೆ ಸಾರ್' ಅಂತ ಕಾಗದ ಇಲ್ಲದೆ ಹೇಳಿಸುವ ಟ್ರೇನಿಂಗ್, ನಿಮ್ಮನ್ನ ಯಾವ ಕಡೆ ದೂಡ್ತಾ ಇದೆ ಅಂತ ಯೋಚನೆ ಮಾಡಿ.

ಹಾಗಾದರೆ ಏನು ಕಲೀಬೇಕು? ಇದೇ ಊರಿನ ಆಸ್ತಿಗಳಿಂದ ನಾಲ್ಕು ವಿಷಯ ತಗೊಳ್ಳಿ.

ಒಂದು, ಖಾತಾ. 'ಎ ಖಾತಾ ಇದೆ ಸಾರ್, ಪಕ್ಕಾ ಪ್ರಾಪರ್ಟಿ' ಅನ್ನೋದು ನಮ್ಮ ಊರಿನ ಅತಿ ದೊಡ್ಡ ಅರ್ಧಸತ್ಯ. ಖಾತಾ ಅಂದರೆ ತೆರಿಗೆ ಯಾರು ಕಟ್ಟಬೇಕು ಅನ್ನೋ ಪಾಲಿಕೆಯ ಲೆಕ್ಕ. ಒಡೆತನ ಬರೋದು ಕ್ರಯಪತ್ರದಿಂದ, ಅದರ ಹಿಂದಿನ ಮೂಲಪತ್ರಗಳ ಸರಪಳಿಯಿಂದ. ಒಂದು ಕೊಂಡಿ ಕಳಚಿದ್ದರೆ ಖಾತಾ ಅದನ್ನ ಜೋಡಿಸಿಕೊಡಲ್ಲ.

ಎರಡು, ಜಿಪಿಎ. ಜಿಪಿಎ ಮೇಲೆ ಸೈಟು ಕೊಂಡು ಮನೆ ಕಟ್ಟಿದವರು ಈ ಊರಲ್ಲಿ ಎಷ್ಟೋ ಜನ. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲೇ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು, ಜಿಪಿಎಯಿಂದ ಒಡೆತನ ವರ್ಗಾವಣೆ ಆಗಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಅಂತ.

ಮೂರು, ಮಂಜೂರಾತಿ ಜಮೀನು. ಊರಂಚಿನ ಲೇಔಟುಗಳ ಕೆಳಗೆ ಒಂದು ಕಾಲದ ಹೊಲ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ ಅನ್ನುತ್ತೆ 1978ರ ಪಿಟಿಸಿಎಲ್ ಕಾಯ್ದೆ. ವಾಪಸ್ ಕೇಳಿ ಅರ್ಜಿ ಹಾಕೋದಕ್ಕೆ ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳಿತು. ಬಡವರ ಜಮೀನು ಉಳಿಯಲಿ ಅಂತ ಮಾಡಿದ ಕಾನೂನು ಅದು, ನ್ಯಾಯವಾದದ್ದೇ. ಪಹಣಿ, ಮಂಜೂರಾತಿ ಆದೇಶ ನೋಡದೆ ಅಲ್ಲಿ ಸೈಟು ಮಾರಿಸಿದರೆ ಎರಡು ಕುಟುಂಬಗಳನ್ನ ಕೋರ್ಟಿನಲ್ಲಿ ಎದುರು ಬದುರು ನಿಲ್ಲಿಸಿದ ಹಾಗೆ.

ನಾಲ್ಕು, ಓಸಿ. ಕಟ್ಟಡಕ್ಕೆ ಓಸಿ ಇಲ್ಲದಿದ್ದರೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಅಂತ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 'ಓಸಿ ಆಮೇಲೆ ಬರುತ್ತೆ, ಎಲ್ಲರೂ ಹಾಗೇ ಇದ್ದಾರೆ' ಅನ್ನೋ ಮಾತಿನ ಬೆಲೆ ಅವತ್ತಿಂದ ಬೇರೆ. ಇನ್ನೊಂದು, ಜಾಗ 500 ಚದರ ಮೀಟರ್ ಒಳಗಿದ್ದರೆ ಅಥವಾ ಫ್ಲಾಟುಗಳು ಎಂಟು ಮೀರದಿದ್ದರೆ ರೇರಾ ನೋಂದಣಿ ಬೇಕಿಲ್ಲ. ಅಂಥ ಸಣ್ಣ ಬಿಲ್ಡಿಂಗಿನಲ್ಲಿ ರೇರಾ ನಂಬರಿನ ಆಸರೆ ಇರಲ್ಲ. ಅಲ್ಲಿ ಕಾಗದ ನೋಡುವ ಕಣ್ಣು ಇನ್ನೂ ಚುರುಕಾಗಿರಬೇಕು.

'ಇದೆಲ್ಲ ವಕೀಲರ ಕೆಲಸ ಅಲ್ವಾ?' ಅಂತೀರಿ. ಅಂತಿಮ ಅಭಿಪ್ರಾಯ ವಕೀಲರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಜನ ವಕೀಲರ ಹತ್ತಿರ ಹೋಗೋದು ಯಾವಾಗ? ಟೋಕನ್ ಕೊಟ್ಟ ಮೇಲೆ. ಮನೆ ನೋಡಿ ಮನಸ್ಸು ಕೊಟ್ಟು, ಅಪ್ಪ ಅಮ್ಮನಿಗೆ ಫೋಟೋ ಕಳಿಸಿ, ಅಡ್ವಾನ್ಸ್ ಕೈಬದಲಾದ ಮೇಲೆ. ಅದಕ್ಕೂ ಮುಂಚೆ ಆ ಮನೆಯ ಬಾಗಿಲಲ್ಲಿ ಅವರ ಪಕ್ಕ ನಿಂತಿರೋನು ಏಜೆಂಟ್ ಒಬ್ಬನೇ. ಅವನು 'ಇದರ ಮೂಲಪತ್ರ ಇನ್ನೂ ನೋಡಿಲ್ಲ, ಟೋಕನ್ ಈಗ ಬೇಡ' ಅಂದರೆ ಒಂದು ಕುಟುಂಬದ ಹದಿನೈದು ವರ್ಷದ ಉಳಿತಾಯ ಉಳಿಯುತ್ತೆ.

'ಹೀಗೆ ಹುಳುಕು ತೋರಿಸ್ತಾ ಕೂತರೆ ಹೊಟ್ಟೆಗೆ ಏನು?' ಇದು ಇದಕ್ಕಿಂತ ಗಟ್ಟಿ ಪ್ರಶ್ನೆ. ನಿಜ, ಆ ತಿಂಗಳು ಒಂದು ಡೀಲು ಹೋಗುತ್ತೆ. ಮನೆ ಕೊಳ್ಳೋದು ಮನುಷ್ಯ ಜೀವನದಲ್ಲಿ ಒಂದೋ ಎರಡೋ ಸಲ, ಹಾಗಾಗಿ ಅದೇ ಗಿರಾಕಿ ತಿರುಗಿ ಬರಲ್ಲ ಅನ್ನೋದೂ ನಿಜ. ಆದರೆ ಅವನಿಗೆ ಆಫೀಸಿದೆ, ತಂಗಿ ಇದ್ದಾಳೆ, ಭಾವ ಇದ್ದಾನೆ. ಒಂದು ಕೆಟ್ಟ ಸೈಟನ್ನ 'ಬೇಡ' ಅಂದವನ ನಂಬರು ಫ್ಯಾಮಿಲಿ ಗ್ರೂಪಿನಲ್ಲಿ ತಾನಾಗಿ ಓಡಾಡುತ್ತೆ. ಯಾವ ರೀಲ್ಸೂ ಕೊಡದ ಜಾಹೀರಾತು ಅದು. ಇದಕ್ಕೆ ಎರಡು ಮೂರು ವರ್ಷ ಬೇಕು. ಆ ಎರಡು ವರ್ಷ ದಾಟಿಸುವಷ್ಟು ಸಂಬಳ ಕೊಡದೆ, ಹುಡುಗರನ್ನ ಕಾಲ್ ಮಾಡುವ ಯಂತ್ರ ಮಾಡಿ, ಸುಸ್ತಾದಾಗ ಹೊಸಬರನ್ನ ತರೋ ಕಂಪನಿಗಳಿಗೆ 'ಗ್ರೋತ್' ಅನ್ನೋ ಪದ ಬಳಸುವ ಹಕ್ಕಿಲ್ಲ.

ಸರ್ಕಾರದ ಪಾಲೂ ಇದೆ. ಕರ್ನಾಟಕದ 2017ರ ರೇರಾ ನಿಯಮಗಳು ಒಬ್ಬ ವ್ಯಕ್ತಿ ಏಜೆಂಟ್ ಆಗೋದಕ್ಕೆ 25,000 ರೂಪಾಯಿ ಫೀಸು, ಪ್ಯಾನು, ಫೋಟೋ, ವಿಳಾಸ ಕೇಳಿದವು. ಕ್ರಯಪತ್ರ ಓದೋಕೆ ಬರುತ್ತಾ ಅಂತ ಕೇಳಲಿಲ್ಲ. ಮಹಾರಾಷ್ಟ್ರದ ರೇರಾ 2023ರಲ್ಲಿ ಏಜೆಂಟ್‌ಗಳಿಗೆ ತರಬೇತಿ, ಪರೀಕ್ಷೆ, ಸರ್ಟಿಫಿಕೇಟು ಕಡ್ಡಾಯ ಮಾಡಿತು. ಪರೀಕ್ಷೆ ಬರೆದವರೆಲ್ಲ ಸಾಚಾ ಆಗಿಬಿಡ್ತಾರೆ ಅಂತಲ್ಲ. ಆದರೆ ಇದು ಓದಿ ಮಾಡಬೇಕಾದ ಕೆಲಸ ಅಂತ ಒಪ್ಪಿಕೊಂಡ ಹಾಗಾಯಿತು.

ಇನ್ನು ನಾವು, ಅಂದರೆ ಮನೆ ಹುಡುಕೋರು. 'ಬ್ರೋಕರ್' ಅನ್ನೋದನ್ನ ಬೈಗುಳದ ಹಾಗೆ ಬಳಸ್ತೀವಿ. ನಾಲ್ಕು ಭಾನುವಾರ ಅವನ ಪೆಟ್ರೋಲಿನಲ್ಲಿ ಮನೆ ನೋಡಿ, ಐದನೇ ಭಾನುವಾರ ಓನರ್ ಹತ್ತಿರ ಹಿಂದಿನ ಬಾಗಿಲಿಂದ ಹೋಗಿ ಮಾತಾಡ್ತೀವಿ. ಶೇ 1ರ ಕಮಿಷನ್ನಿಗೂ ಸಂತೆಯ ಹಾಗೆ ಚೌಕಾಸಿ. ಆಮೇಲೆ 'ಈ ಫೀಲ್ಡಿನಲ್ಲಿ ಪ್ರೊಫೆಷನಲ್ಸೇ ಇಲ್ಲ ರೀ' ಅಂತ ಗೊಣಗಾಟ. ಒಳ್ಳೆಯವನು ಉಳಿಯೋ ಹಾಗೆ ನಾವು ಬಿಟ್ಟರೆ ತಾನೆ? ನಿಮ್ಮ ಏಜೆಂಟ್‌ಗೆ ಎರಡು ಪ್ರಶ್ನೆ ಹಾಕಿ: ಈ ಆಸ್ತಿಯ ಯಾವ ಯಾವ ಕಾಗದ ನೋಡಿದ್ದೀರಿ? ಈ ಡೀಲಿನಲ್ಲಿ ನಿಮಗೆ ದುಡ್ಡು ಕೊಡೋದು ಯಾರು? ಎರಡಕ್ಕೂ ನೇರ ಉತ್ತರ ಕೊಟ್ಟವನಿಗೆ ಚೌಕಾಸಿ ಇಲ್ಲದೆ ಕಮಿಷನ್ ಕೊಡಿ.

ಈ ಕೆಲಸದಲ್ಲಿ ಇರೋ ತಮ್ಮಂದಿರು, ತಂಗಿಯರಿಗೆ ಕೊನೆಯ ಮಾತು. ಸರ್ಕಾರದ ಪರೀಕ್ಷೆಗೆ, ಕಂಪನಿಯ ಟ್ರೇನಿಂಗಿಗೆ ಕಾಯಬೇಡಿ. ಊರೆಲ್ಲ ಓಡಾಡೋದು ಬಿಟ್ಟು ಎರಡು ಮೂರು ಬಡಾವಣೆ ಆರಿಸಿಕೊಳ್ಳಿ, ಅಲ್ಲಿನ ಲೇಔಟ್ ಅಪ್ರೂವಲ್‌ನಿಂದ ಹಿಡಿದು ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತೆ ಅನ್ನೋವರೆಗೆ ತಿಳ್ಕೊಳ್ಳಿ. ಕಾವೇರಿ ಪೋರ್ಟಲ್‌ನಲ್ಲಿ ವಾರಕ್ಕೊಂದು ಇಸಿ ತೆಗೆದು ಸಾಲು ಸಾಲಾಗಿ ಓದಿ. ರೇರಾ ವೆಬ್‌ಸೈಟಿನಲ್ಲಿ ಬಿಲ್ಡರ್ ಕೊಟ್ಟ ಪ್ಲಾನನ್ನೂ ಬ್ರೋಷರ್ ಅನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಒಬ್ಬ ಒಳ್ಳೆಯ ವಕೀಲರ, ಒಬ್ಬ ದಸ್ತಾವೇಜು ಬರಹಗಾರರ ಪರಿಚಯ ಮಾಡಿಕೊಂಡು ಅವರ ಜೊತೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿಬನ್ನಿ. ಕಮಿಷನ್ ಬ್ಯಾಂಕಿನಲ್ಲೇ ತಗೊಂಡು ರಿಟರ್ನ್ ಸಲ್ಲಿಸಿ. ನಾಳೆ ನಿಮ್ಮದೇ ಮನೆ ಸಾಲಕ್ಕೆ ಬ್ಯಾಂಕಿನವರು ಕೇಳೋದು ರಿಟರ್ನನ್ನೇ, ರೀಲ್ಸನ್ನಲ್ಲ.

'ನಮ್ಮಲ್ಲಿ ತುಂಬ ಗ್ರೋತ್ ಇದೆ' ಅಂತ ಯಾರಾದರೂ ಕರೆದರೆ ಒಂದೇ ಮಾತು ಕೇಳಿ: ನಾಳೆ ನಿಮ್ಮ ಕೆಲಸ ಬಿಟ್ಟರೆ ನನ್ನ ತಲೆಯಲ್ಲಿ ಏನು ಉಳಿದಿರುತ್ತೆ? ಉತ್ತರ ಬರಲಿಲ್ಲ ಅಂದರೆ ಅಲ್ಲಿ ಬೆಳೆಯೋದು ನೀವಲ್ಲ.