ರೇಡಾರ್ ಇದೆ ಅಂತ ಮೈಮರೆಯಬೇಡಿ

‘ಮೇಡಂ, ಇದರಲ್ಲಿ ರೇಡಾರ್ ಇದೆ, ಮುಂದೆ ಏನಾದ್ರೂ ಬಂದ್ರೆ ಕಾರೇ ಬ್ರೇಕ್ ಹಾಕುತ್ತೆ’ ಅಂತ ಶೋರೂಮಿನವರು ಹೇಳುತ್ತಾರೆ. ಒಳ್ಳೆಯದೇ. ಆದರೆ ಓಡುವ ಗಾಡಿಯನ್ನು ಗುರುತಿಸಿದಷ್ಟು ಸಲೀಸಾಗಿ ನಿಂತ ಗಾಡಿಯನ್ನು ರೇಡಾರ್ ಗುರುತಿಸುವುದಿಲ್ಲ. ಕಾರು ಓಡಿಸುವ ನಮಗೆ ಇದು ಗೊತ್ತಿರಲೇಬೇಕು.

ಹತ್ತಿರ ಬರುವ ರೈಲಿನ ಸೀಟಿ ಕೀಚಲಾಗಿ, ದಾಟಿಹೋದ ಮೇಲೆ ದಪ್ಪಗೆ ಕೇಳಿಸುತ್ತದೆ ಅಲ್ವಾ? ಈ ತತ್ವವನ್ನು 1842ರಲ್ಲಿ ಮಂಡಿಸಿದವರು ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್. ರೇಡಾರ್ ಕಳಿಸುವ ಅಲೆ ಎದುರಿನ ವಸ್ತುವಿಗೆ ತಾಗಿ ಮರಳುವಾಗಲೂ ಹೀಗೇ ಬದಲಾಗುತ್ತದೆ. ಅದರಿಂದ ವಸ್ತು ಎಷ್ಟು ವೇಗವಾಗಿ ಹತ್ತಿರವಾಗುತ್ತಿದೆ ಅಂತ ತಿಳಿಯುತ್ತದೆ.

ನಿಮ್ಮ ವೇಗ ಗಂಟೆಗೆ 80 ಕಿ.ಮೀ. ಅಂದುಕೊಳ್ಳಿ. ಮುಂದಿನ ಕಾರು 20ರ ವೇಗದಲ್ಲಿ ಹತ್ತಿರವಾಗುತ್ತಿದ್ದರೆ ಅದು 60ರಲ್ಲಿ ಓಡುತ್ತಿದೆ. ಸರಿಯಾಗಿ 80ರಲ್ಲೇ ಹತ್ತಿರವಾದರೆ ಅದು ನಿಂತಿದೆ. ಲೆಕ್ಕ ಇಷ್ಟೇ.

ತೊಡಕು ಇರುವುದೂ ಇಲ್ಲೇ. ಊರಿನ ಬೋರ್ಡು, ಸೇತುವೆ, ಕಬ್ಬಿಣದ ತಡೆಗೋಡೆ ಎಲ್ಲವೂ ಅದೇ 80ರಲ್ಲಿ ‘ಬರುತ್ತವೆ’. ತಲೆ ಮೇಲಿನ ಬೋರ್ಡು ಯಾವುದು, ದಾರಿಯಲ್ಲಿ ನಿಂತ ಲಾರಿ ಯಾವುದು ಅಂತ ಸಾಮಾನ್ಯ ರೇಡಾರಿಗೆ ಸರಿಯಾಗಿ ತಿಳಿಯದು. ಎಲ್ಲದಕ್ಕೂ ಬ್ರೇಕ್ ಹಾಕಿದರೆ ಹಿಂದಿನವರು ಬಂದು ಗುದ್ದುತ್ತಾರೆ! ಅದಕ್ಕೇ ಅನೇಕ ಕಾರುಗಳಲ್ಲಿ, ಮೊದಲಿನಿಂದಲೂ ನಿಂತೇ ಇರುವ ವಸ್ತುಗಳನ್ನು ರೇಡಾರ್ ಬದಿಗಿಡುತ್ತದೆ. ಕ್ಯಾಮೆರಾ ಜೊತೆಗಿದ್ದರೆ ಅನುಕೂಲ, ಆದರೆ ಅದೂ ಪೂರ್ತಿ ಖಾತ್ರಿಯಲ್ಲ.

2018ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆದದ್ದು ನೋಡಿ. ರೇಡಾರ್, ಕ್ಯಾಮೆರಾ ಎರಡೂ ಇದ್ದ ಟೆಸ್ಲಾ ಕಾರು ಆಟೋಪೈಲಟ್‌ನಲ್ಲಿ ಓಡುತ್ತಿತ್ತು. ಮುಂದಿದ್ದ ವಾಹನ ಪಕ್ಕಕ್ಕೆ ಸರಿಯಿತು. ಎದುರಿಗೆ ನಿಂತಿದ್ದ ಅಗ್ನಿಶಾಮಕ ವಾಹನಕ್ಕೆ ಕಾರು ಸುಮಾರು 50 ಕಿ.ಮೀ. ವೇಗದಲ್ಲಿ ಗುದ್ದಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ನಮ್ಮ ಹೆದ್ದಾರಿಗಳಲ್ಲಂತೂ ಹಿಂದೀಪವಿಲ್ಲದೆ ಕೆಟ್ಟು ನಿಂತ ಲಾರಿಗಳಿಗೆ ಬರವೇ? ಆದ್ದರಿಂದ ಮಾರುವವರು ಈ ಮಿತಿಯನ್ನು ಬಾಯಿಬಿಟ್ಟು ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಹೇಳದಿದ್ದರೆ ನೀವೇ ಕೇಳಿ:

* ನಿಂತ ಗಾಡಿಗೂ ಬ್ರೇಕ್ ಬೀಳುತ್ತಾ? ಎಷ್ಟು ವೇಗದವರೆಗೆ?
* ರಾತ್ರಿ, ಮಳೆಯಲ್ಲಿ ಹೇಗೆ?
* ಕೈಪಿಡಿಯಲ್ಲಿ ಇದನ್ನು ಎಲ್ಲಿ ಬರೆದಿದ್ದಾರೆ?

ಯಜಮಾನರು ಓಡಿಸುವಾಗಲೂ ಇದನ್ನು ನೆನಪಿಸಿ. ಮುಂದಿನ ಗಾಡಿ ಥಟ್ಟನೆ ಪಕ್ಕಕ್ಕೆ ಸರಿದರೆ ಕಾಲು ಬ್ರೇಕಿನ ಮೇಲಿರಲಿ. ರೇಡಾರ್ ನಮ್ಮ ಸಹಾಯಕ್ಕೆ ಮಾತ್ರ, ರಸ್ತೆ ನೋಡುವ ಕೆಲಸ ನಮ್ಮದೇ. ಏನಂತೀರಾ?